ಪಿನ್‌ಕೋಡಿನ ಕೆಳಗಿನ ಗೆರೆ

ನನ್ನ ಅಣ್ಣನ ಮಗಳು ದೀಪಾ ಬ್ರಹ್ಮಾವರದ ಒಂದು ಸಹಕಾರಿ ಸಂಘದಲ್ಲಿ ಕೆಲಸಕ್ಕೆ ಸೇರಿ ಮೂರು ತಿಂಗಳಾಯಿತು. ಮೊನ್ನೆ ಫೋನು ಮಾಡಿ, “ಚಿಕ್ಕಪ್ಪಾ, ಸದಸ್ಯರಿಗೆಲ್ಲ ಮಹಾಸಭೆ ನೋಟೀಸ್ ಕಳ್ಸೂಕಿತ್ತ್. ಮೆಸೇಜ್ ಸಾಕಲ್ದಾ ಅಂದ್ರೆ ಹಿರಿಯರೆಲ್ಲ ಕಾಗ್ದವೇ ಬರ್ಕ್ ಅಂತ್ರ್. ಅಂಚೆ ಖರ್ಚ್ ಕಮ್ಮಿ ಮಾಡೂದ್ ಹ್ಯಾಂಗೆ?” ಎಂದು ಕೇಳಿದಳು. ನನಗೆ ಎಷ್ಟು ಖುಷಿಯಾಯಿತೆಂದರೆ ಒಲೆಯ ಮೇಲಿಟ್ಟ ಹಾಲು ಉಕ್ಕಿ ಚೆಲ್ಲಿದ್ದೂ ಗೊತ್ತಾಗಲಿಲ್ಲ. ಹೆಂಡತಿ ಬೈದಳು. ಬೈಯಲಿ. ನಿವೃತ್ತನಾದ ಮೇಲೆ ನನ್ನ ಕಸುಬಿನ ಬಗ್ಗೆ ಒಬ್ಬರು ಬಾಯಿಬಿಟ್ಟು ಕೇಳಿದ್ದು ಇದೇ ಮೊದಲು.

ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ, ಬರೆದು ಕೊಡುತ್ತೇನೆ ಎಂದೆ. ಅದೇ ಇದು. ಅವಳ ಹಾಗೆ ಹೊಸದಾಗಿ ಈ ಕೆಲಸಕ್ಕೆ ಬಂದವರು ಯಾರಾದರೂ ಇದ್ದರೆ ಅವರೂ ಓದಲಿ.

ನಾನು ತೆಕ್ಕಟ್ಟೆಯವನು. ಕುಂದಾಪುರದ ಒಂದು ಮಸಾಲೆ ಕಂಪೆನಿಯ ರವಾನೆ ಕೋಣೆಯಲ್ಲಿ ಮೂವತ್ತಕ್ಕೆ ಒಂದೆರಡು ಕಮ್ಮಿ ವರ್ಷ ದುಡಿದೆ. ಹೋಟೆಲುಗಳಿಗೆ ಸಾಂಬಾರು ಪುಡಿ, ಸಾರಿನ ಪುಡಿ, ಹಪ್ಪಳ ಕಳುಹಿಸುವ ಕಂಪೆನಿ. ಮುಂಬೈ, ಪುಣೆ, ಹೈದರಾಬಾದು, ನಮ್ಮ ಕಡೆಯವರು ಎಲ್ಲೆಲ್ಲಿ ಹೋಟೆಲು ಇಟ್ಟಿದ್ದಾರೋ ಅಲ್ಲಿಗೆಲ್ಲ ಎರಡು ತಿಂಗಳಿಗೊಮ್ಮೆ ನಮ್ಮ ದರಪಟ್ಟಿ ಹೋಗಬೇಕಿತ್ತು. ಒಂದು ಸಲಕ್ಕೆ ಎರಡು ಸಾವಿರದ ಚಿಲ್ಲರೆ ಲಕೋಟೆ. ಒಂದೊಂದರ ಮೇಲೆ ನಾಲ್ಕಾಣೆ ಉಳಿದರೂ ಧಣಿಗಳ ಮುಖ ಅರಳುತ್ತಿತ್ತು.

ಆ ಕೋಣೆಯಲ್ಲಿ ಇದ್ದದ್ದು ಇಬ್ಬರೇ, ನಾನು ಮತ್ತು ನನಗಿಂತ ನಾಲ್ಕು ವರ್ಷ ಮೊದಲು ಸೇರಿದ್ದ ಗಿರಿಜಕ್ಕ. ಧಣಿಗಳ ಪ್ರಕಾರ ಅಲ್ಲಿ ನಡೆಯುತ್ತಿದ್ದದ್ದು ಒಂದೇ ಕೆಲಸ, ಅಂಚೆ ಖರ್ಚು ಉಳಿಸುವುದು. ನಿಜವಾಗಿ ನಡೆಯುತ್ತಿದ್ದದ್ದು ಎರಡು. ಮನೆ ಬಿಟ್ಟು ಹೋದ ತಮ್ಮನನ್ನು ಗಿರಿಜಕ್ಕ ಆ ಲಕೋಟೆಗಳ ಮೂಲಕವೇ ಹುಡುಕುತ್ತಿದ್ದರು. ಒಂದನ್ನು ಬಿಟ್ಟು ಇನ್ನೊಂದನ್ನು ಹೇಳಲು ನನಗೆ ಬರುವುದಿಲ್ಲ.

ಮೊದಲ ದಿನ ಗಿರಿಜಕ್ಕ ನನ್ನ ಕೈಗೆ ಕೊಟ್ಟದ್ದು ಒಂದು ಕಪ್ಪೆಚಿಪ್ಪು. ಬೈಂದೂರಿನ ಕಡಲದಂಡೆಯಲ್ಲಿ ಹೆಕ್ಕಿದ್ದು, ಅಂಚು ಸವೆದು ಗಾಜಿನಷ್ಟು ನಯವಾಗಿತ್ತು. ನಾನು ಮಿಕಿಮಿಕಿ ನೋಡಿದೆ.

“ಉಗ್ರಂಗೆ ಮಡಿಕೆ ಒತ್ತಿದ್ರೆ ಸಂಜಿಯೊಳ್ಗೆ ನಿನ್ ಉಗ್ರೇ ಇರೂದಿಲ್ಲೆ ಮಾರಾಯ. ಇದ್ರಂಗೆ ತಿಕ್ಕ್” ಎಂದರು.

ಕಾಗದ ಮಡಚಲು ಇಂದಿಗೂ ಅದಕ್ಕಿಂತ ಒಳ್ಳೆಯ ಸಾಧನ ನಾನು ಕಂಡಿಲ್ಲ. ಆಮೇಲೆ ಬುಕ್ ಪೋಸ್ಟಿನ ಪಾಠ. ಅಚ್ಚಾದ ಕಾಗದಕ್ಕೆ ಅಂಚೆಯವರು ಕೊಡುವ ಅಗ್ಗದ ದರ ಅದು. ಆದರೆ ಕಟ್ಟಳೆ ಬಿಗಿ. ಲಕೋಟೆಯ ಬಾಯಿ ಅಂಟಿಸಬಾರದು, ಒಳಕ್ಕೆ ತೂರಿಸಿಡಬೇಕು, ಅವರಿಗೆ ಬೇಕೆನಿಸಿದಾಗ ತೆಗೆದು ನೋಡುವ ಹಾಗಿರಬೇಕು. ಒಳಗೆ ಕೈಬರಹದ ಒಂದು ಸಾಲೂ ಇರಬಾರದು. ಇದ್ದರೆ ಅದು ಪತ್ರ, ಅದಕ್ಕೆ ಪತ್ರದ ದರ. ತೂಕವೂ ಮಿತಿಯೊಳಗೇ ಇರಬೇಕು, ಕೂದಲೆಳೆಯಷ್ಟು ಮೀರಿದರೂ ಮೇಲಿನ ದರ. ಗಿರಿಜಕ್ಕ ಇದನ್ನೆಲ್ಲ ನಾಲ್ಕೇ ಮಾತಿನಲ್ಲಿ ಹೇಳಿ, ತಪ್ಪಿದರೆ ಕೈಗೆ ಸ್ಕೇಲಿನಿಂದ ಬಾರಿಸುವವರ ಹಾಗೆ ಕುಳಿತಿದ್ದರು.

ಮಡಚುವುದು, ತುಂಬುವುದು, ಕಟ್ಟುವುದು ನನ್ನ ಪಾಲು. ವಿಳಾಸ ಬರೆಯುವುದು ಅವರ ಪಾಲು, ಅದನ್ನು ನನಗೆ ಮುಟ್ಟಲು ಬಿಡುತ್ತಿರಲಿಲ್ಲ. ದುಂಡಗಿನ ಇಂಗ್ಲಿಷ್ ಅಕ್ಷರ. ಪಿನ್‌ಕೋಡು ಬರೆದು ಮುಗಿಸಿದ ಮೇಲೆ ಅದರ ಕೆಳಗೊಂದು ಗೆರೆ. ಆ ಗೆರೆ ಕೊನೆಯಲ್ಲಿ ಮೇಲಕ್ಕೆ ತಿರುಗಿ ಒಂದು ಸಣ್ಣ ಸುಳಿಯಾಗುತ್ತಿತ್ತು. ಎರಡು ಸಾವಿರ ಲಕೋಟೆಗೆ ಎರಡು ಸಾವಿರ ಸುಳಿ. ಆ ವಯಸ್ಸಿನಲ್ಲಿ ನನಗೆ ಎಲ್ಲ ಗೊತ್ತಿತ್ತಲ್ಲ, ಒಂದು ದಿನ ಹೇಳಿಯೇ ಬಿಟ್ಟೆ: “ಗಿರಿಜಕ್ಕ, ಆ ಗೆರೆ ಬಿಟ್ರೆ ದಿನಕ್ಕೆ ನೂರ್ ಲಕೋಟೆ ಹೆಚ್ಚ್ ಬರಿಯೂಕಾತ್ತ್.”

“ನಿನ್ ಕೆಲ್ಸ ನೀನ್ ಕಾಣ್” ಎಂದರು.

ಮೊದಲ ಮಳೆಗಾಲದಲ್ಲೇ ನನ್ನ ಜಂಬ ಇಳಿಯಿತು. ಮೇ ತಿಂಗಳಲ್ಲಿ ಹೊಸ ದರಪಟ್ಟಿಯ ಒಂದು ಪ್ರತಿಯನ್ನು ಲಕೋಟೆ ಸಮೇತ ತೂಗಿ ನೋಡಿದ್ದೆ, ಮಿತಿಯೊಳಗೆ ಸರಿಯಾಗಿ ಕೂತಿತ್ತು. ಅದೇ ಕಾಗದದಲ್ಲಿ ಎಲ್ಲ ಅಚ್ಚಾಗಿ ಜುಲೈಯಲ್ಲಿ ಅಂಚೆಕಚೇರಿಗೆ ಹೊತ್ತುಕೊಂಡು ಹೋದರೆ ತಕ್ಕಡಿ ಬೇರೆಯೇ ಹೇಳಿತು. ಒಂದೊಂದೂ ಮಿತಿ ದಾಟಿತ್ತು. ತಕ್ಕಡಿಯೇ ಸರಿಯಿಲ್ಲ ಎಂದು ಕೌಂಟರಿನವರ ಹತ್ತಿರ ಜಗಳವಾಡಿ, ಗೋಣಿಚೀಲಗಳನ್ನು ಅದೇ ರಿಕ್ಷಾದಲ್ಲಿ ವಾಪಸು ತಂದೆ.

ಗಿರಿಜಕ್ಕ ಒಂದು ಹಾಳೆಯನ್ನು ಕೆನ್ನೆಗೆ ಹಿಡಿದು ನೋಡಿದರು. “ತಕ್ಡಿ ಸರಿಯೇ ಇತ್ತ್. ಈ ಗಾಳಿಯಂಗೆ ಕಾಗ್ದ ನೀರ್ ಕುಡಿತ್ತ್. ಮೇ ತಿಂಗ್ಳಂಗೆ ತೂಗಿ ಆಟಿ ಮಳೆಯಂಗೆ ಕಳ್ಸೂಕೆ ಹೊರ್ಟಿದ್ಯಲ, ಎಂತ ಹೇಳೂದ್ ನಿಂಗೆ?”

ಒಣಗಿಸುವುದಕ್ಕೆ ಬಿಸಿಲೆಲ್ಲಿ? ಕಂಪೆನಿಯಲ್ಲಿ ಬೆಚ್ಚಗಿದ್ದ ಜಾಗವೆಂದರೆ ಮೆಣಸು ಹುರಿಯುವ ಕೋಣೆ ಒಂದೇ. ಒಂದು ಹಗಲಿಡೀ ಅಲ್ಲಿ ಹಲಗೆಗಳ ಮೇಲೆ ಲಕೋಟೆ ಹರಡಿದೆವು. ತೂಕವೇನೋ ಇಳಿಯಿತು. ಮರುದಿನ ಅಂಚೆಕಚೇರಿಯಲ್ಲಿ ಮುದ್ರೆ ಹೊಡೆಯುವವರು ಒಂದೇ ಸಮನೆ ಸೀನಲು ಶುರುಮಾಡಿದರು.

“ಹ್ವಾಯ್, ಇದ್ ದರಪಟ್ಟಿಯಾ, ಮೆಣ್ಸಿನ್ ಪುಡಿಯಾ?” ಎಂದು ಕೌಂಟರಿನವರು ಕಣ್ಣೊರೆಸಿಕೊಂಡು ಕೇಳಿದರು.

ಧಣಿಗಳಿಗೆ ವಿಷಯ ಗೊತ್ತಾಗಿ ಸಿಟ್ಟು ಬರುತ್ತದೆಂದು ಹೆದರಿದ್ದೆ. ಅವರು ನಕ್ಕುಬಿಟ್ಟರು. ಮುಂಬೈಯ ಹೋಟೆಲಿನವರು ಲಕೋಟೆಯ ಪರಿಮಳಕ್ಕೇ ಎರಡು ಕಿಲೋ ಹೆಚ್ಚು ತರಿಸುತ್ತಾರೆ, ಇನ್ನು ಮೇಲೆ ಹೀಗೇ ಮಾಡಿ ಎಂದರು. ಆದರೂ ಮುಂದಿನ ವರ್ಷದಿಂದ ಮಳೆಗಾಲದ ದರಪಟ್ಟಿಯನ್ನು ಒಂದು ಬೆರಳಗಲ ಚಿಕ್ಕದಾಗಿ ಕತ್ತರಿಸುವುದೆಂದು ನಿಶ್ಚಯವಾಯಿತು. ದೀಪಾ, ಇದನ್ನು ಮರೆಯಬೇಡ. ನಮ್ಮ ಕರಾವಳಿಯಲ್ಲಿ ಕಾಗದವನ್ನು ತೂಗಬೇಕಾದದ್ದು ಕಳುಹಿಸುವ ತಿಂಗಳಲ್ಲಿ.

ಎರಡನೆಯ ಪ್ರಮಾದ ಇದಕ್ಕಿಂತ ದೊಡ್ಡದು, ಅದರ ಹೊಣೆ ಪೂರ್ತಿ ನನ್ನದು. ದೀಪಾವಳಿಯ ಮೊದಲಿನ ದರಪಟ್ಟಿ. ಪಟ್ಟಿಯಲ್ಲಿ ಕೋಟ, ತೆಕ್ಕಟ್ಟೆ ಕಡೆಯ ಹೋಟೆಲಿನವರು ಸುಮಾರು ನೂರು ಮಂದಿ ಇದ್ದರು. ನನಗೆ ಮುಖಪರಿಚಯ ಇದ್ದವರು, ಕೆಲವರು ದೂರದ ನೆಂಟರು. ನಮ್ಮ ಕಡೆಯಲ್ಲಿ ಬಾಯ್ತುಂಬ ಕರೆದು ಹೇಳದಿದ್ದರೆ ಹೇಳಿದ ಹಾಗಾಗುವುದಿಲ್ಲವಲ್ಲ. ಬರೀ ಅಚ್ಚಿನ ಕಾಗದ ಕಳುಹಿಸುವುದೆಂದರೆ ನನಗೆ ಏನೋ ಮುಜುಗರ. ಗಿರಿಜಕ್ಕ ರಜೆಯಲ್ಲಿದ್ದ ದಿನ ಆ ನೂರರ ಒಳಗೂ ಕೈಯಲ್ಲೇ ಬರೆದೆ: ‘ಹಬ್ಬದ ನಮಸ್ಕಾರ. ಮನೆಯವರೆಲ್ಲ ಸೌಖ್ಯವೇ? ಈ ಸಲದ ಹಪ್ಪಳ ಚಲೋ ಬಂದಿದೆ.’

ಕೌಂಟರಿನವರು ಕಟ್ಟಿನ ನಡುವಿನಿಂದ ಎಳೆದು ನೋಡಿದ ಮೊದಲ ಲಕೋಟೆಯಲ್ಲೇ ನನ್ನ ನಮಸ್ಕಾರ ಇತ್ತು. ಎರಡನೆಯದರಲ್ಲೂ. ಇದು ಪತ್ರ ಎಂದರು. ಇನ್ನು ಯಾವುದರಲ್ಲಿ ಇದೆ, ಯಾವುದರಲ್ಲಿ ಇಲ್ಲ ಎಂದು ತಾವು ನಂಬುವುದು ಹೇಗೆ ಎಂದು ಇಡೀ ರಾಶಿಯನ್ನು ಹಿಂದಕ್ಕೆ ಕೊಟ್ಟರು. ಎಲ್ಲವನ್ನೂ ತೆಗೆದು, ನೋಡಿ, ಮತ್ತೆ ತುಂಬಿ ಕಳುಹಿಸುವಷ್ಟರಲ್ಲಿ ಹಬ್ಬ ಕಳೆದಿತ್ತು. ಆ ಸಲದ ವ್ಯಾಪಾರ ಬೇರೆಯವರ ಪಾಲಾಯಿತು. ಧಣಿಗಳು ಮೂರು ದಿನ ನನ್ನ ಮುಖ ನೋಡಲಿಲ್ಲ.

ಅವರ ಮೌನ ತಡೆದುಕೊಂಡೆ. ಗಿರಿಜಕ್ಕನ ಸಿಟ್ಟು ತಡೆಯಲಾಗಲಿಲ್ಲ. ರಜೆ ಮುಗಿಸಿ ಬಂದವರು ಮೇಜಿನ ಮೇಲೆ ಆ ನೂರು ಕಾಗದ ನೋಡಿ ಕೆಂಪಾದರು.

“ಒಳ್ಗೆ ಬರಿಯೂಕಾತಿದ್ರೆ ಮೊದ್ಲ್ ನಾ ಬರೀತಿರ್ಲಿಲ್ಯಾ?” ಎಂದರು. “ಇಷ್ಟ್ ವರ್ಷ ಒಂದಕ್ಷರ ಒಳ್ಗೆ ಹಾಕ್ದೆ ಕೂಕಂಡಿದ್ದೆ ನಾನ್. ನಿಂಗೆ ಹಪ್ಪಳದ ಸುದ್ದಿ ಬರೂಕಿತ್ತಾ?”

ನನಗೆ ಅರ್ಥವಾಗಲಿಲ್ಲ. ಏನು ಬರೆಯಬೇಕಿತ್ತು, ಯಾರಿಗೆ ಎಂದು ಕೇಳಿದೆ. ಅವತ್ತು ಅವರು ಹೇಳಿದರು.

ಬೈಂದೂರಿನ ಹತ್ತಿರದ ಯಡ್ತರೆಯ ಮನೆಯಲ್ಲಿ ಇದ್ದದ್ದು ಅವರು ಮತ್ತು ತಮ್ಮ ಶೇಖರ. ಅಪ್ಪ ಅಮ್ಮ ಬೇಗ ತೀರಿಕೊಂಡಿದ್ದರಿಂದ ಮೀನು ಒಣಗಿಸುವಲ್ಲಿ ದುಡಿದು ತಮ್ಮನನ್ನು ಓದಿಸಿದವರು ಇವರೇ. ಸ್ಲೇಟಿನ ಮೇಲೆ ಅಕ್ಷರ ತಿದ್ದಿಸಿದವರೂ ಇವರೇ. ಅವನು ಸರಿಯಾಗಿ ಬರೆದರೆ ಕೆಳಗೊಂದು ಗೆರೆ ಎಳೆದು ಕೊನೆಯಲ್ಲಿ ಸುಳಿ ಹಾಕುತ್ತಿದ್ದರಂತೆ. ಸುಳಿ ಬಿದ್ದರೆ ಆಟಕ್ಕೆ ಓಡಬಹುದು ಎಂದು ಲೆಕ್ಕ. ಅವನು ಹತ್ತನೆಯ ತರಗತಿಯಲ್ಲಿ ಫೇಲಾಗಿ, ಪಾಸಾದೆ ಎಂದು ಸುಳ್ಳು ಹೇಳಿ, ಒಂದು ತಿಂಗಳು ಕಾಲೇಜಿಗೆ ಹೋಗುವ ಹಾಗೆ ನಟಿಸಿದ. ಗೊತ್ತಾದ ದಿನ ಗಿರಿಜಕ್ಕ ಕಂಡಾಪಟ್ಟೆ ಬೈದರು. ಮುಂಬೈ ಬಸ್ಸು ಹತ್ತುತ್ತೇನೆ ಎಂದವನಿಗೆ, ಹೋಗು, ನಾನು ಸತ್ತರೂ ಬರಬೇಡ ಎಂದರು. ಅವನು ಹೋದ.

“ಮೊದ್ಲೆರ್ಡ್ ವರ್ಷ ಗೊತ್ತಿದ್ದ ಹೋಟ್ಲಿಗೆಲ್ಲ ಕಾಗ್ದ ಹಾಕ್ದೆ. ಆ ಹೆಸ್ರಿನವ್ರ್ ಇಲ್ಲೆ ಅಂದ್ರ್. ಹೋಟ್ಲಂಗೆ ಸ್ವಂತ ಹೆಸ್ರಂಗೆ ಯಾರ್ ಇರ್ತ್ರ್ ಹೇಳ್? ಇಲ್ಲಿ ಎಲ್ಲಾ ಹೋಟ್ಲಿನ್ ವಿಳಾಸ ಇತ್ತ್ ಅಂದ್ ಗೊತ್ತಾಯ್ತ್. ಅದ್ಕೇ ಈ ಕೆಲ್ಸಕ್ ಸೇರ್ದೆ. ಅವ ಎಲ್ಲಿಗ್ ಹೋದ್ರೂ ಒಂದಲ್ಲ ಒಂದ್ ದಿನ ನನ್ ಗೆರೆ ಅವ್ನ ಕಣ್ಣಿಗ್ ಬೀಳ್ತ್. ಕಂಡ್ರೆ ಬತ್ತ. ಧಣಿಗಳ ಹತ್ರ ಹೇಳುಕಾಗ ನೀನ್.”

ಹೇಳುವುದಿಲ್ಲ ಎಂದೆ. ಅಂದಿನಿಂದ ಆ ಗೆರೆಯ ಬಗ್ಗೆ ತುಟಿ ಬಿಚ್ಚಲಿಲ್ಲ. ಲಕೋಟೆಗಳನ್ನು ಕಟ್ಟುವಾಗ ಸುಳಿಗೆ ಹುರಿ ಉಜ್ಜದ ಹಾಗೆ ನೋಡಿಕೊಳ್ಳುತ್ತಿದ್ದೆ. ಪ್ರತಿ ಸಲ ಚೀಲಗಳು ಹೋದ ಮೇಲೆ ಹದಿನೈದು ದಿನ ಗಿರಿಜಕ್ಕ ಬಾಗಿಲಿನ ಕಡೆಗೆ ಮುಖ ಮಾಡಿ ಕೂರುತ್ತಿದ್ದರು. ಆಮೇಲೆ ಮುಂದಿನ ದರಪಟ್ಟಿಯ ಕೆಲಸ ಶುರುವಾಗುತ್ತಿತ್ತು. ಹೀಗೆ ವರ್ಷಗಳು ಹೋದವು. ನಿಜ ಹೇಳುತ್ತೇನೆ, ಆ ಕೋಣೆಯ ದಿನಗಳೇ ನನ್ನ ಬದುಕಿನ ಒಳ್ಳೆಯ ದಿನಗಳು. ಕಾಗದದ ವಾಸನೆ, ಪಕ್ಕದ ಕೋಣೆಯ ಕೊತ್ತಂಬರಿ ಹುರಿಯುವ ಘಮ, ನಾಲ್ಕು ಗಂಟೆಗೆ ಗಿರಿಜಕ್ಕ ಬುತ್ತಿಯ ಮುಚ್ಚಳದಲ್ಲಿ ಕೊಡುತ್ತಿದ್ದ ಅವಲಕ್ಕಿ. ಈಗಲೂ ಕೊತ್ತಂಬರಿ ಹುರಿದರೆ ನನಗೆ ಅವೆಲ್ಲ ನೆನಪಾಗುತ್ತವೆ.

ನಾನು ಸೇರಿದ ಹತ್ತನೆಯ ವರ್ಷ ಕಂಪೆನಿಗೆ ಕಂಪ್ಯೂಟರು ಬಂತು. ಅದೇ ಸುಮಾರಿಗೆ, ಲಕೋಟೆಗಳನ್ನು ಪಿನ್‌ಕೋಡಿನ ಪ್ರಕಾರ ವಿಂಗಡಿಸಿ, ಊರೂರಿಗೆ ಬೇರೆ ಕಟ್ಟು ಕಟ್ಟಿ, ಮೇಲೆ ಚೀಟಿ ಅಂಟಿಸಿ ತಂದರೆ ಅಂಚೆ ದರದಲ್ಲಿ ಇನ್ನಷ್ಟು ರಿಯಾಯಿತಿ ಸಿಗುತ್ತದೆಂದು ಗೊತ್ತಾಯಿತು. ಕಂಪ್ಯೂಟರು ವಿಳಾಸಗಳನ್ನು ಪಿನ್‌ಕೋಡಿನ ಸಾಲಿನಲ್ಲೇ ಸ್ಟಿಕ್ಕರಿನ ಮೇಲೆ ಅಚ್ಚು ಹಾಕಿ ಕೊಡುತ್ತದೆ. ನಾವು ಅದೇ ಸಾಲಿನಲ್ಲಿ ಹಚ್ಚುತ್ತಾ ಹೋದರೆ ವಿಂಗಡಣೆ ತಾನೇ ಆಗಿರುತ್ತದೆ. ಎಂಟು ದಿನದ ಕೆಲಸ ಎರಡು ದಿನಕ್ಕೆ ಮುಗಿಯುತ್ತದೆ.

ಧಣಿಗಳು ನನ್ನನ್ನು ಒಳಗೆ ಕರೆದರು. “ಸುಧಾಕರ, ಗಿರಿಜ ಕೈಯಂಗೇ ಬರೀತೆ ಅಂದ್ ಹಟ ಮಾಡ್ತಾ ಇತ್ತ್. ನೀನ್ ಹೇಳ್, ಯಾವ್ದ್ ಒಳ್ಳೇದ್?”

ಒಂದು ಸುಳ್ಳು ಹೇಳಿದ್ದರೆ ಸಾಕಿತ್ತು. ಸ್ಟಿಕ್ಕರು ನಮ್ಮ ಮಳೆಗೆ ಬಿಟ್ಟುಕೊಳ್ಳುತ್ತದೆ ಎಂದಿದ್ದರೂ ಧಣಿಗಳು ನಂಬುತ್ತಿದ್ದರು. ನನಗೆ ಆಗಲೇ ಸೊಂಟನೋವು ಶುರುವಾಗಿತ್ತು. ಎರಡು ಸಾವಿರ ಲಕೋಟೆಯನ್ನು ನೆಲದ ಮೇಲೆ ಹರಡಿ ಬಗ್ಗಿ ಬಗ್ಗಿ ವಿಂಗಡಿಸುತ್ತಿದ್ದವನು ನಾನೇ ತಾನೇ. ಸ್ಟಿಕ್ಕರೇ ಒಳ್ಳೆಯದು ಎಂದೆ. ಹೊರಗೆ ಬಂದಾಗ ಗಿರಿಜಕ್ಕ ನನ್ನ ಮುಖ ನೋಡಿದರು. ಅವರಿಗೆ ಹೇಳುವುದೇ ಬೇಕಾಗಲಿಲ್ಲ.

ಮೊದಲ ಸ್ಟಿಕ್ಕರು ಹಚ್ಚುವ ದಿನ ನಾಚಿಕೆ ತಡೆಯಲಾರದೆ, “ಸ್ಟಿಕ್ಕರಿನ ಕೆಳ್ಗೆ ಪೆನ್ನಂಗೆ ಗೆರೆ ನೀವೇ ಎಳಿನಿ ಗಿರಿಜಕ್ಕ, ಯಾರೂ ಎಂತ ಹೇಳೂದಿಲ್ಲೆ” ಎಂದೆ.

“ಬ್ಯಾಡ. ಮಿಷನ್ ಬರ್ದದ್ದಕ್ಕೆ ನಾ ಎಂತಕೆ ಸರಿ ಹಾಕ್ಕ್?” ಎಂದರು. ಅಷ್ಟೇ. ಎರಡು ದಿನ ತಲೆ ತಗ್ಗಿಸಿ ಹಚ್ಚಿದರು. ಅವರ ಪೆನ್ನು ಮೇಜಿನ ಡ್ರಾಯರು ಸೇರಿತು. ಆ ಸಲ ಚೀಲಗಳು ಹೋದ ಮೇಲೆ ಅವರು ಬಾಗಿಲಿನ ಕಡೆಗೆ ಮುಖ ಮಾಡಿ ಕೂರಲಿಲ್ಲ, ಗೋಡೆಯ ಕಡೆಗೆ ಕೂತರು. ಹದಿನಾಲ್ಕು ವರ್ಷದ ಆಸೆಯನ್ನು ನಾನು ಸೊಂಟನೋವಿಗೆ ಮಾರಿದೆ ಎಂದು ನನಗೆ ಅನ್ನಿಸುತ್ತಿತ್ತು.

ಎರಡು ವಾರ ಕಳೆದಿರಬೇಕು. ಮಧ್ಯಾಹ್ನ ಊಟವಾಗಿ ಗಿರಿಜಕ್ಕ ಹಿಂದಿನ ನಲ್ಲಿಯಲ್ಲಿ ಬುತ್ತಿ ತೊಳೆಯಲು ಹೋಗಿದ್ದರು. ಮೂವತ್ತರ ಆಸುಪಾಸಿನ ಒಬ್ಬರು ಹೆಗಲಿಗೆ ಚೀಲ ಹಾಕಿಕೊಂಡು ಬಾಗಿಲಲ್ಲಿ ನಿಂತರು. ಬಸ್ಸಿನ ಪ್ರಯಾಣದಲ್ಲಿ ಅಂಗಿ ಮುದ್ದೆಯಾಗಿತ್ತು.

“ಇಲ್ಲಿ ಲಕೋಟೆ ಮೇಲೆ ವಿಳಾಸ ಬರೂದ್ ಯಾರ್?” ಎಂದು ಕೇಳಿದರು.

ದರಪಟ್ಟಿ ಎಲ್ಲೋ ತಪ್ಪಿ ಹೋಗಿದೆ, ದೂರು ತಂದಿದ್ದಾರೆ ಎಂದುಕೊಂಡೆ. “ಈಗ ಯಾರೂ ಬರಿಯೂದಿಲ್ಲೆ ಮರ್ರೆ. ಎಲ್ಲ ಕಂಪ್ಯೂಟರ್” ಎಂದೆ.

“ಮುಂಚೆ ಬರೀತಿದ್ದವ್ರ್?”

ನಾನು ಉತ್ತರಿಸುವ ಮೊದಲೇ ಅವರು ನಮ್ಮ ಹೊಸ ಸ್ಟಿಕ್ಕರಿನ ಲಕೋಟೆಯೊಂದನ್ನು ಮೇಜಿನ ಮೇಲಿಟ್ಟರು. ಪುಣೆಯ ಒಂದು ಹೋಟೆಲಿನ ವಿಳಾಸ. ಆಮೇಲೆ ಚೀಲದಿಂದ ಒಂದು ಕಟ್ಟು ತೆಗೆದರು. ಹಳೆಯ ಖಾಲಿ ಲಕೋಟೆಗಳು, ಅಂಚು ಜೋಡಿಸಿ ಬಟ್ಟೆಯ ಪಟ್ಟಿಯಿಂದ ಕಟ್ಟಿದ್ದವು. ಎಲ್ಲಕ್ಕಿಂತ ಮೇಲಿನದರ ಮೇಲೆ ದುಂಡಗಿನ ಅಕ್ಷರ, ಪಿನ್‌ಕೋಡು, ಅದರ ಕೆಳಗೆ ಗೆರೆ, ಗೆರೆಯ ಕೊನೆಗೆ ಸುಳಿ.

“ಅಕ್ಕ ಬದ್ಕಿದ್ಲಾ?” ಎಂದರು.

ನಾನು ಹಿಂದಿನ ಬಾಗಿಲಿಗೆ ಕೈ ತೋರಿಸಿದೆ. ಅಷ್ಟರಲ್ಲಿ ಗಿರಿಜಕ್ಕ ಒದ್ದೆ ಬುತ್ತಿ ಹಿಡಿದು ಬಂದರು. ಬಂದವರನ್ನು ಕಂಡು ಅಲ್ಲೇ ನಿಂತರು. ಬುತ್ತಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

“ಸತ್ರೂ ಬರ್ಬೇಡ ಅಂದಿದ್ಯಲ” ಎಂದ ಶೇಖರ. “ಆದ್ರೂ ಬಂದೆ.”

“ಸತ್ತೆ ಅಂದ್ ಯಾರ್ ಹೇಳ್ರ್ ನಿಂಗೆ?”

“ಈ ಸಲ ಗೆರೆ ಇರ್ಲಿಲ್ಲೆ.”

ಗಿರಿಜಕ್ಕ ಮೇಜಿನ ಹತ್ತಿರ ಬಂದು ಕಟ್ಟನ್ನು ಬಿಚ್ಚಿದರು. ಒಂದೊಂದೇ ಲಕೋಟೆ ತೆಗೆದು ನೋಡಿದರು. ಎಂಟು ವರ್ಷದ ಲಕೋಟೆಗಳು ಅಲ್ಲಿದ್ದವು. “ಇಷ್ಟ್ ವರ್ಷ ಕಂಡಿದ್ಯಾ? ಕಂಡೂ ಬರ್ಲಿಲ್ಯಾ?”

“ಅಕ್ಷರ ಕಂಡ್ ಕೂಡ್ಲೇ ನಿಂದೇ ಅಂದ್ ಗೊತ್ತಾಯ್ತ್. ಬಪ್ಪುಕೆ ಹೆದ್ರಿಕೆ. ಎರಡ್ ತಿಂಗ್ಳಿಗೊಮ್ಮೆ ಗಲ್ಲಾದ ಮೇಲೆ ಲಕೋಟೆ ಬಪ್ಪುದ್. ಸುಳಿ ಇತ್ತ್ ಅಂದ್ರೆ ಅಕ್ಕ ಆರಾಮ್ ಇದ್ಲ್, ಸಿಟ್ಟೂ ಇಲ್ಲೆ ಅಂದ್ ಸಮಾಧಾನ ಆತಿತ್ತ್. ಮುಂದಿನ್ ಸಲ ಊರಿಗ್ ಹೋಪ ಅಂದ್ಕಂಡ್ ಅಲ್ಲೇ ಉಳಿತಿದ್ದೆ.”

ಗಿರಿಜಕ್ಕ ಬಿಚ್ಚಿದ ಲಕೋಟೆಗಳನ್ನು ಒಟ್ಟಿಗೆ ಹಿಡಿದು ಅವುಗಳಿಂದಲೇ ಅವನ ಬೆನ್ನಿಗೆ ನಾಲ್ಕು ಬಾರಿಸಿದರು. ಐದನೆಯದಕ್ಕೆ ಎತ್ತಿದ ಕೈ ಅವನ ಹೆಗಲ ಮೇಲೆ ಉಳಿಯಿತು. ಆಮೇಲೆ ಅಳಲು ಶುರುಮಾಡಿದವರು ಧಣಿಗಳು ಒಳಗಿನಿಂದ ಬಂದು, “ಎಂತ ಆಯ್ತ್ ಇಲ್ಲಿ?” ಎಂದು ಕೇಳಿದರೂ ನಿಲ್ಲಿಸಲಿಲ್ಲ. ನಾನೇ ಎಲ್ಲ ಹೇಳಿದೆ. ಮಾತು ಮುರಿದೆನೆಂದು ಗಿರಿಜಕ್ಕ ಆಕ್ಷೇಪಿಸಲಿಲ್ಲ. ಧಣಿಗಳು ಕನ್ನಡಕ ತೆಗೆದು ಒರೆಸಿಕೊಂಡು, ಇಬ್ಬರನ್ನೂ ಯಡ್ತರೆಗೆ ಬಿಡಲು ಕಂಪೆನಿಯ ಜೀಪು ಕಳುಹಿಸಿದರು. ಅಂಚೆಗೆ ನಾಲ್ಕಾಣೆ ಲೆಕ್ಕ ಹಾಕುವ ಮನುಷ್ಯ ಅವರು.

ಶೇಖರ ಒಂದು ವಾರವಿದ್ದು ಪುಣೆಗೆ ಮರಳಿದ. ಅಲ್ಲಿ ಅವನಿಗೆ ಒಳ್ಳೆಯ ಕೆಲಸವಿತ್ತು, ಗಲ್ಲಾ ನೋಡಿಕೊಳ್ಳುತ್ತಿದ್ದ. ಆಮೇಲೆ ವರ್ಷಕ್ಕೆ ಎರಡು ಸಲವಾದರೂ ಬರುತ್ತಿದ್ದ, ಬಂದಾಗ ನಮ್ಮ ಕೋಣೆಯಲ್ಲಿ ಕೂತು ಒಂದಷ್ಟು ದರಪಟ್ಟಿ ಮಡಚಿ ಹೋಗುತ್ತಿದ್ದ. ಅಕ್ಕನ ಕಪ್ಪೆಚಿಪ್ಪನ್ನು ನನ್ನ ಕೈಯಿಂದ ಕಸಿದುಕೊಳ್ಳುತ್ತಿದ್ದ.

ಅವನು ಮರಳಿದ ಮೇಲಿನ ಮೊದಲ ದರಪಟ್ಟಿಯ ದಿನ ನಾನು ಧಣಿಗಳ ಒಪ್ಪಿಗೆ ಪಡೆದೇ ಒಂದು ಕೆಲಸ ಮಾಡಿದೆ. ಪುಣೆಯ ಆ ಹೋಟೆಲಿನ ಸ್ಟಿಕ್ಕರನ್ನು ಹಾಳೆಯಿಂದ ಬಿಡಿಸಿ ಬದಿಗಿಟ್ಟು, ಖಾಲಿ ಲಕೋಟೆಯನ್ನೂ ಡ್ರಾಯರಿನಿಂದ ಅವರ ಹಳೆಯ ಪೆನ್ನನ್ನೂ ಗಿರಿಜಕ್ಕನ ಮುಂದಿಟ್ಟೆ. “ಇದೊಂದ್ ನೀವೇ ಬರೀನಿ. ಗೆರೆ ಸಮೇತ” ಎಂದೆ. ನನ್ನ ತಪ್ಪಿಗೆ ಇಷ್ಟಾದರೂ ಪರಿಹಾರ ಆಗಲಿ ಎಂದಿತ್ತು ನನ್ನ ಮನಸ್ಸಿನಲ್ಲಿ.

ಗಿರಿಜಕ್ಕ ಪೆನ್ನನ್ನು ನೋಡಿದರು, ನನ್ನನ್ನು ನೋಡಿದರು. ಪೆನ್ನನ್ನು ನನ್ನ ಕಡೆಗೇ ತಳ್ಳಿದರು.

“ನಿಂಗ್ ಮಂಡೆ ಸಮ ಇತ್ತಾ? ನಾ ಬರ್ದ್ರೆ ಅವ ಅಕ್ಕ ಆರಾಮ್ ಇದ್ಲ್ ಅಂದ್ ಮತ್ತೆ ಅಲ್ಲೇ ಕೂಕಂತ” ಎಂದರು.

ಸ್ಟಿಕ್ಕರನ್ನು ತಾವೇ ಎತ್ತಿ ಲಕೋಟೆಗೆ ಹಚ್ಚಿ, ಕಪ್ಪೆಚಿಪ್ಪಿನಿಂದ ನಾಲ್ಕೂ ಮೂಲೆ ಒತ್ತಿ ತಿಕ್ಕಿದರು.